ಅಂಡಾಶಯದ ಗಡ್ಡೆಯಲ್ಲಿ ಆರಿಡ್1ಎ, ಪಿ53, ಪಿಟೆನ್ ಬಣ್ಣ ಬರದಿದ್ದರೆ ‘ಲಾಸ್’ ಅಂತ ಬರೆಯೋದು ಯಾವಾಗ?

ಪಿಜಿಬೆಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಥೀಸಿಸ್ ವಿಷಯ: ಅಂಡಾಶಯದ ಕಾರ್ಸಿನೋಮಾದ ಉಪವಿಧಗಳಲ್ಲಿ ಟ್ಯೂಮರ್ ಸಪ್ರೆಸರ್ ಜೀನುಗಳ (ಗಡ್ಡೆ ಬೆಳೆಯದಂತೆ ತಡೆಯೋ ಆರಿಡ್1ಎ, ಪಿ53, ಪಿಟೆನ್ ಥರದವು) ಅಭಿವ್ಯಕ್ತಿ ಎಲ್ಲೆಲ್ಲಿ ಕಳೆದುಹೋಗುತ್ತೆ ಅನ್ನೋದು. ಒಟ್ಟು 48 ಕೇಸು: ಹೈಗ್ರೇಡ್ ಸೀರಸ್ 30, ಕ್ಲಿಯರ್ ಸೆಲ್ 8, ಎಂಡೊಮೆಟ್ರಿಯಾಯ್ಡ್ 7, ಮ್ಯೂಸಿನಸ್ 3. ಟಿಎಂಎ (ಹಲವು ಗಡ್ಡೆಗಳ ಸಣ್ಣ ಕೋರುಗಳನ್ನ ಒಂದೇ ಬ್ಲಾಕಿನಲ್ಲಿ ಕೂರಿಸೋದು) ಮಾಡಿದೆ, 0.6 ಮಿ.ಮೀ. ಕೋರು, ಕೇಸಿಗೆ ಎರಡೆರಡು. ಆ್ಯಂಟಿಬಾಡಿ: ಆರಿಡ್1ಎಗೆ ಪಾಲಿಕ್ಲೋನಲ್, ಪಿ53ಗೆ ಡಿಒ-7, ಪಿಟೆನ್‌ಗೆ 138ಜಿ6. ಮೂರಕ್ಕೂ ಸಿಟ್ರೇಟ್ ಪಿಎಚ್ 6ರಲ್ಲೇ ರಿಟ್ರೀವಲ್ (ಫಾರ್ಮಲಿನ್ ಮುಚ್ಚಿದ ಆ್ಯಂಟಿಜನ್‌ನ ಬಿಸಿ ಬಫರಲ್ಲಿ ಬಿಡಿಸೋದು) ಮಾಡಿದ್ದು.

ಆರಿಡ್1ಎ 14 ಕೇಸಿನಲ್ಲಿ ಖಾಲಿ ಬಂದಿದೆ. ಕ್ಲಿಯರ್ ಸೆಲ್ 5, ಎಂಡೊಮೆಟ್ರಿಯಾಯ್ಡ್ 3, ಹೈಗ್ರೇಡ್ ಸೀರಸ್ 6. ಕೆಲವು ಕೋರುಗಳಲ್ಲಿ ಸ್ಟ್ರೋಮಾನೂ (ಗಡ್ಡೆ ಕೋಶಗಳ ಸುತ್ತಲಿನ ಆಧಾರ ಅಂಗಾಂಶ) ಖಾಲಿ ಕಾಣ್ತಿದೆ. ಹೈಗ್ರೇಡ್ ಸೀರಸ್ 30ರಲ್ಲಿ ಪಿ53 ಗಾಢವಾಗಿ ಬಂದಿದ್ದು 19, ಪೂರ್ತಿ ಖಾಲಿ 6, ಇನ್ನೈದು ಅಲ್ಲೊಂದು ಇಲ್ಲೊಂದು ಕೋಶ ಮಾತ್ರ. ಖಾಲಿ ಬಂದ ಆರನ್ನ ‘ಪಿ53 ನೆಗೆಟಿವ್, ನಾರ್ಮಲ್’ ಅಂತ ಹಾಕಿದೀನಿ. ಸರೀನಾ?

ಅದೇ ಬ್ಲಾಕುಗಳಿಂದ ಆರ್‌ಎನ್‌ಎ ತೆಗೆದು ಕ್ಯುಪಿಸಿಆರ್ (ಅದರ ಪ್ರಮಾಣ ಅಳೆಯೋ ಪಿಸಿಆರ್) ಕೂಡ ಮಾಡಿದೆ. ಹೋಲಿಕೆಗೆ ಗರ್ಭಕೋಶ ತೆಗೆದಾಗ ಜೊತೆಗೆ ಬಂದ ನಾರ್ಮಲ್ ಅಂಡಾಶಯ, ರೆಫರೆನ್ಸ್ ಜೀನು ಜಿಎಪಿಡಿಎಚ್ ಒಂದೇ. ಐಎಚ್‌ಸಿಯಲ್ಲಿ (ಆ್ಯಂಟಿಬಾಡಿ ಬಣ್ಣ) ಆರಿಡ್1ಎ ಸೊನ್ನೆ ಇರೋ ಗಡ್ಡೆಯಲ್ಲೂ ಒಂದು ಸೈಕಲ್‌ನಷ್ಟೇ ವ್ಯತ್ಯಾಸ. ಪಿಟೆನ್‌ನಲ್ಲಂತೂ ವ್ಯತ್ಯಾಸವೇ ಇಲ್ಲ. ಆರ್‌ಟಿ (ಆರ್‌ಎನ್‌ಎಯನ್ನ ಡಿಎನ್‌ಎಗೆ ನಕಲು ಮಾಡೋ ಕಿಣ್ವ) ಹಾಕದ ಟ್ಯೂಬಲ್ಲೂ ಪಿಟೆನ್ 33ನೇ ಸೈಕಲ್‌ಗೆ ಎದ್ದು ಬರ್ತಿದೆ, ಪ್ರೈಮರ್ ಎಕ್ಸಾನ್ ಗಡಿ ದಾಟೋ ಹಾಗೇ ಇದ್ದರೂ.

10%ಗಿಂತ ಕಮ್ಮಿ ಇದ್ದರೆ ಲಾಸ್ ಅಂತ ಹಿಡಿದು, 48ಕ್ಕೂ ಸೇರಿಸಿ ಎಚ್-ಸ್ಕೋರ್ (ಬಣ್ಣದ ಗಾಢತೆ, ಕೋಶಗಳ ಶೇಕಡಾ ಸೇರಿಸಿದ 0ಯಿಂದ 300ರ ಅಂಕ) ಸರಾಸರಿ ಕೊಡಬಹುದಾ? ಎಲ್ಲಿ ತಪ್ಪಿದೆ ಅಂತ ದಯವಿಟ್ಟು ಹೇಳಿ, ಬೈದರೂ ಪರವಾಗಿಲ್ಲ.

---

ಗೈನಿಪ್ಯಾಥ್ ಉತ್ತರ:

ಬೈಯುವಂಥದ್ದೇನೂ ಇಲ್ಲ. ಆದರೆ ಆ ಪಿ53 ಸಾಲನ್ನು ಇವತ್ತೇ ತಿದ್ದಿ, ಉಳಿದದ್ದು ಆಮೇಲೆ.

ಪಿ53 ಪೂರ್ತಿ ಖಾಲಿ ಅಂದರೆ ನಾರ್ಮಲ್ ಅಲ್ಲ, ಅದೇ ಅತಿ ಅಸಹಜ. ನಾರ್ಮಲ್ ಕೋಶದಲ್ಲಿ ಪಿ53 ಹುಟ್ಟುತ್ತಲೇ ಇರುತ್ತದೆ, ಬೇಗ ಕರಗುತ್ತಲೂ ಇರುತ್ತದೆ. ಹಾಗಾಗಿ ವೈಲ್ಡ್ ಟೈಪ್ (ಮ್ಯುಟೇಶನ್ ಆಗದ) ಗಡ್ಡೆಯಲ್ಲಿ ಒಂದು ನ್ಯೂಕ್ಲಿಯಸ್ ಗಾಢ, ಪಕ್ಕದ್ದು ತಿಳಿ, ಮತ್ತೊಂದು ಬರಿದು ಹೀಗೆ ಕಲಸುಮೇಲೋಗರವಾಗಿ ಕಾಣುತ್ತದೆ. ಮಿಸೆನ್ಸ್ ಮ್ಯುಟೇಶನ್ ಆದ ಪ್ರೋಟೀನು ಕರಗದೆ ಜಮಾ ಆಗುತ್ತದೆ, ಅದಕ್ಕೇ 80% ಮೇಲ್ಪಟ್ಟು ನ್ಯೂಕ್ಲಿಯಸ್‌ಗಳು ಒಂದೇ ಸಮ ಗಾಢ. ನಾನ್‌ಸೆನ್ಸ್, ಫ್ರೇಮ್‌ಶಿಫ್ಟ್, ಸ್ಪ್ಲೈಸ್ ಮ್ಯುಟೇಶನ್‌ಗಳಲ್ಲಿ ಆರ್‌ಎನ್‌ಎ ಕೋಶದಲ್ಲೇ ನಾಶವಾಗುವುದರಿಂದ ಪ್ರೋಟೀನೇ ಇರುವುದಿಲ್ಲ. ಅದು ನಲ್ ಪ್ಯಾಟರ್ನ್. ನಾಲ್ಕನೆಯದು ಅಪರೂಪ: ಪ್ರೋಟೀನು ನ್ಯೂಕ್ಲಿಯಸ್‌ಗೆ ಸೇರದೆ ಸೈಟೋಪ್ಲಾಸಂನಲ್ಲೇ ಉಳಿಯುವುದು. ಅಂದರೆ ನಿಮ್ಮ 19 ಮತ್ತು 6, ಎರಡೂ ಮ್ಯುಟೆಂಟ್ ಲೆಕ್ಕಕ್ಕೇ ಸೇರುತ್ತವೆ. ಆದರೆ ಆ ಆರಕ್ಕೂ ಒಂದು ಷರತ್ತು ಇದೆ. ಗಡ್ಡೆಯ ಪಕ್ಕದ ಸ್ಟ್ರೋಮಾ ಕೋಶ, ಲಿಂಫೋಸೈಟ್, ರಕ್ತನಾಳದ ಎಂಡೊಥೀಲಿಯಂ ಇವುಗಳಲ್ಲಿ ಅಲ್ಲಲ್ಲಿ ತಿಳಿಗಂದು ಕಾಣಲೇಬೇಕು. ಅದೂ ಇಲ್ಲದಿದ್ದರೆ ಆ ಕೋರು ನಲ್ ಅಲ್ಲ, ಓದಲಾಗದ್ದು.

ಆರಿಡ್1ಎಗೂ ಇದೇ ಮಾತು, ಇನ್ನೂ ಕಟ್ಟುನಿಟ್ಟಾಗಿ. ಈ ಪ್ರೋಟೀನು ದೇಹದ ಹೆಚ್ಚುಕಡಿಮೆ ಎಲ್ಲಾ ನ್ಯೂಕ್ಲಿಯಸ್‌ಗಳಲ್ಲೂ ಇರುವುದರಿಂದ ಸ್ಟ್ರೋಮಾ ನಿಚ್ಚಳವಾಗಿ ಕಂದಾಗಬೇಕು. ಗಡ್ಡೆ ಖಾಲಿ, ಸ್ಟ್ರೋಮಾ ಕಂದು ಇದ್ದರೆ ಲಾಸ್. ಎರಡೂ ಖಾಲಿ ಇದ್ದರೆ ಲೆಕ್ಕದಿಂದ ಹೊರಗೆ, ಟೇಬಲ್‌ನಲ್ಲಿ ‘ಮೌಲ್ಯಮಾಪನ ಆಗಿಲ್ಲ’ ಎಂಬ ಬೇರೆ ಕಾಲಂ. ಇದನ್ನು ಸೊನ್ನೆಯೊಳಗೆ ಸೇರಿಸಿದ ಥೀಸಿಸ್‌ಗಳೇ ಜಾಸ್ತಿ.

ಈಗ ಆರಿಡ್1ಎ ಖಾಲಿ ಬಂದ ಆರು ಹೈಗ್ರೇಡ್ ಸೀರಸ್‌ಗೆ ಬರೋಣ. 2010ರಲ್ಲಿ ವ್ಯಾಂಕೂವರ್ ತಂಡ ನೋಡಿದಾಗ ಕ್ಲಿಯರ್ ಸೆಲ್ 119ರಲ್ಲಿ 55, ಎಂಡೊಮೆಟ್ರಿಯಾಯ್ಡ್ 33ರಲ್ಲಿ 10 ಆರಿಡ್1ಎ ಮ್ಯುಟೇಶನ್ ಸಿಕ್ಕವು. ಹೈಗ್ರೇಡ್ ಸೀರಸ್ 76ರಲ್ಲಿ ಒಂದೂ ಇಲ್ಲ. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್ ತಂಡಕ್ಕೆ ಕ್ಲಿಯರ್ ಸೆಲ್ 42ರಲ್ಲಿ 24 ಸಿಕ್ಕವು. ಹಾಗಿರುವಾಗ 30 ಸೀರಸ್‌ನಲ್ಲಿ ಆರು ಲಾಸ್ ಅಂದರೆ ಹೊಸ ಶೋಧ ಅಂತ ಹಿಗ್ಗುವ ಮೊದಲು ಎರಡು ಅನುಮಾನ ಪರಿಹರಿಸಿಕೊಳ್ಳಿ. ಸ್ಟೇನ್ ಕೆಟ್ಟಿದೆಯೋ, ಇಲ್ಲಾ ಗಡ್ಡೆಯ ಹೆಸರೇ ತಪ್ಪೋ? ಡಬ್ಲ್ಯುಟಿ1, ಪಿ53, ನಾಪ್ಸಿನ್ ಎ, ಪ್ರೊಜೆಸ್ಟೆರೋನ್ ರಿಸೆಪ್ಟರ್ ಈ ನಾಲ್ಕು ಮಾರ್ಕರ್‌ಗಳ ಬಣ್ಣ ಹಾಕಿದರೆ ಬಹುಪಾಲು ಬಗೆಹರಿಯುತ್ತದೆ. ಡಬ್ಲ್ಯುಟಿ1 ಪಾಸಿಟಿವ್ ಮತ್ತು ಪಿ53 ಅಸಹಜ ಇದ್ದರೆ ಹೈಗ್ರೇಡ್ ಸೀರಸ್. ಡಬ್ಲ್ಯುಟಿ1 ನೆಗೆಟಿವ್, ನಾಪ್ಸಿನ್ ಎ ಪಾಸಿಟಿವ್ ಇದ್ದರೆ ಕ್ಲಿಯರ್ ಸೆಲ್. ಸಾಲಿಡ್ ಆಗಿ ಬೆಳೆದ ಎಂಡೊಮೆಟ್ರಿಯಾಯ್ಡ್ ಗಡ್ಡೆಗೆ ಹೈಗ್ರೇಡ್ ಸೀರಸ್ ಎಂಬ ಲೇಬಲ್ ಬಿದ್ದಿರುವುದು ಹಳೆಯ ರಿಪೋರ್ಟ್‌ಗಳಲ್ಲಿ ಮಾಮೂಲು.

ಆ ಐದು ‘ಅಲ್ಲೊಂದು ಇಲ್ಲೊಂದು’ ಕೇಸುಗಳಿಗೂ ಇದೇ ಪ್ಯಾನೆಲ್. 2011ರ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಅಧ್ಯಯನದಲ್ಲಿ ಎಕ್ಸೋಮ್ (ಪ್ರೋಟೀನಿಗೆ ಸಂಕೇತ ಕೊಡುವ ಡಿಎನ್‌ಎ ಭಾಗ) ಓದಿದ 316 ಹೈಗ್ರೇಡ್ ಸೀರಸ್ ಗಡ್ಡೆಗಳ ಪೈಕಿ 96%ರಲ್ಲಿ ಟಿಪಿ53 ಮ್ಯುಟೇಶನ್ ಇತ್ತು. 30ರಲ್ಲಿ ಐದು ವೈಲ್ಡ್ ಟೈಪ್ ಅನ್ನುವುದು ಆ ಲೆಕ್ಕಕ್ಕೆ ಜಾಸ್ತಿ. ಡಬ್ಲ್ಯುಟಿ1 ಪಾಸಿಟಿವ್ ಇದ್ದೂ ಪಿ53 ವೈಲ್ಡ್ ಆದರೆ ಮೊದಲು ಲೋಗ್ರೇಡ್ ಸೀರಸ್ ನೆನಪಾಗಲಿ. ಪ್ರೋಟೀನಿನ ಬಾಲದ ಕಡೆ ಮಾತ್ರ ತುಂಡಾಗಿದ್ದರೆ ಡಿಒ-7 ಹಿಡಿಯುವ ತಲೆಯ ಭಾಗ ಉಳಿದು ವೈಲ್ಡ್‌ನಂತೆಯೇ ಕಾಣಬಹುದು, ನಿಜ. ಆದರೆ ಅದು ಕೊನೆಯಲ್ಲಿ ಯೋಚಿಸಬೇಕಾದ ಕಾರಣ, ಮೊದಲಲ್ಲ.

ಐದು ಕೇಸಿನ ವಯಸ್ಸನ್ನೂ ಹಾಕಿ.

---

ಮೈಕ್ರೊಟೋಮ್ ಉತ್ತರ:

ಸ್ಟ್ರೋಮಾನೂ ಖಾಲಿ ಅಂದ ತಕ್ಷಣ ಆ್ಯಂಟಿಬಾಡಿ ಕಂಪನಿಗೆ ಫೋನ್ ಮಾಡೋದು ಬೇಡ. ಮೊದಲು ಬ್ಲಾಕಿನ ಹುಟ್ಟು ನೋಡಿ. ಅಂಡಾಶಯದ ಗಡ್ಡೆ ಅಂದ್ರೆ 12, 15 ಸೆಂ.ಮೀ. ಉಂಡೆ. ಅದನ್ನ ಕೊಯ್ಯದೆ ಇಡಿಯಾಗಿ ಬಕೆಟ್ಟಿಗೆ ಹಾಕಿ ರಾತ್ರಿ ಬಿಟ್ರೆ ಫಾರ್ಮಲಿನ್ ಸಿಪ್ಪೆ ಬಿಟ್ಟು ಒಳಗೆ ಇಳಿಯಲ್ಲ. ನಡುಭಾಗ ಹಸಿಯಾಗೇ ಕೊಳೀತಿರುತ್ತೆ. ಇದರ ಗುರುತು ಸುಲಭ. ಇಡೀ ಸೆಕ್ಷನ್‌ನ ಕಮ್ಮಿ ಪವರಲ್ಲಿ ನೋಡಿ, ಅಂಚಲ್ಲಿ ಕಂದು ಚೆನ್ನಾಗಿದ್ದು ಒಳಗೆ ಹೋಗ್ತಾ ಹೋಗ್ತಾ ಗಡ್ಡೆ, ಸ್ಟ್ರೋಮಾ ಎರಡೂ ಒಟ್ಟಿಗೇ ಮಾಸ್ತಾ ಬರುತ್ತೆ. ನಿಜವಾದ ಲಾಸ್ ಹಾಗೆ ಇಳಿಜಾರಾಗಿ ಬರಲ್ಲ, ಗಡ್ಡೆಯ ಗಡಿಯಲ್ಲೇ ಕತ್ತರಿಸಿದ ಹಾಗಿರುತ್ತೆ. 0.6 ಕೋರಲ್ಲಿ ಈ ಇಳಿಜಾರು ಕಾಣೋದೇ ಇಲ್ಲ, ಅಲ್ಲೇ ನಿಮಗೆ ಮೋಸ ಆಗಿರೋದು.

ಇನ್ನು ಮುಂದಿನ ಕೇಸುಗಳಿಗೆ: ಗಡ್ಡೆ ಬಂದ ಒಂದು ಗಂಟೆಯೊಳಗೆ 1 ಸೆಂ.ಮೀ. ಬಿಲ್ಲೆಗಳಾಗಿ ಕೊಯ್ದು, ನಡುವೆ ಗಾಜ್ ಇಟ್ಟು, ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿ. ಕ್ಯಾಸೆಟ್ಟಿಗೆ ಹೋಗೋ ತುಂಡು 3ರಿಂದ 4 ಮಿ.ಮೀ. ದಪ್ಪ ದಾಟಬಾರದು. ಒಟ್ಟು 24ರಿಂದ 48 ಗಂಟೆ. ಬಫರ್ ಹಾಕದ ಬರೀ ನಲ್ಲಿನೀರಿನ ಫಾರ್ಮಲಿನ್ ಬೇಡ. 40% ಫಾರ್ಮಾಲ್ಡಿಹೈಡ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿನಂಶ ಇಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಇದಕ್ಕಿಂತ ಅಗ್ಗದ ಕ್ವಾಲಿಟಿ ಕಂಟ್ರೋಲ್ ಇನ್ನೊಂದಿಲ್ಲ.

ಇರೋ ಬ್ಲಾಕುಗಳಿಗೆ ಏನ್ ಮಾಡೋದು? ಸಿಟ್ರೇಟ್ ಬಿಟ್ಟು ಟ್ರಿಸ್-ಇಡಿಟಿಎ ಪಿಎಚ್ 9 ಹಾಕಿ ನೋಡಿ. ಲೀಟರಿಗೆ ಟ್ರಿಸ್ ಬೇಸ್ 1.21 ಗ್ರಾಂ, ಡೈಸೋಡಿಯಂ ಇಡಿಟಿಎ 0.37 ಗ್ರಾಂ, ಪಿಎಚ್ ಹೊಂದಿಸಿದ ಮೇಲೆ ಟ್ವೀನ್-20 ಅರ್ಧ ಮಿ.ಲೀ. ಟ್ರಿಸ್ ಬಿಸಿಯಾದಂಗೆ ಪಿಎಚ್ ಇಳಿಯುತ್ತೆ, ಅದಕ್ಕೇ 25 ಡಿಗ್ರಿಯಲ್ಲೇ ಅಳೀಬೇಕು. ಬಿಸಿ ಬಫರಲ್ಲಿ ಮೀಟರ್ ಅದ್ದಿ 9ಕ್ಕೆ ಏರಿಸಿದ್ರೆ ತಣ್ಣಗಿರುವಾಗ 10 ದಾಟಿರುತ್ತೆ, ಸೆಕ್ಷನ್ ಎದ್ದು ತೇಲುತ್ತೆ. 97 ಡಿಗ್ರಿಯಲ್ಲಿ 20ರಿಂದ 30 ನಿಮಿಷ, ಆಮೇಲೆ ಅದೇ ಬಫರಲ್ಲಿ 20 ನಿಮಿಷ ಆರಲು ಬಿಡಿ. ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡೋರಿದಾರೆ, ಅವರ ಕೋರುಗಳು ಸಿಂಕಲ್ಲಿ ಸಿಗುತ್ತವೆ.

ಡೈಲ್ಯೂಶನ್ 1:100, 1:200, 1:400, 1:800 ಹಾಕಿ. ಗಡ್ಡೆ ನೋಡಿ ಆರಿಸಬೇಡಿ, ಸ್ಟ್ರೋಮಾ ನೋಡಿ ಆರಿಸಿ. ಸ್ಟ್ರೋಮಾ ನ್ಯೂಕ್ಲಿಯಸ್ ಸ್ಪಷ್ಟ ಕಂದು, ಸೈಟೋಪ್ಲಾಸಂ ಶುಭ್ರ, ಅದೇ ನಿಮ್ಮ ಡೈಲ್ಯೂಶನ್. ಪಾಲಿಕ್ಲೋನಲ್ ಆದ್ರೆ ಲಾಟ್ ಬದಲಾದಾಗೆಲ್ಲ ಇದನ್ನ ಮತ್ತೆ ಮಾಡಬೇಕು, ತಪ್ಪಿಸ್ಕೊಳ್ಳೋಕಾಗಲ್ಲ. ಇನ್ನೊಂದು ಕಣ್ಣಿಗೆ ಬೀಳದ ಕಳ್ಳ ಹಿಮಟಾಕ್ಸಿಲಿನ್. ಕೌಂಟರ್‌ಸ್ಟೇನ್ ಕಡುನೀಲಿ ಆದ್ರೆ ತಿಳಿಗಂದು ನ್ಯೂಕ್ಲಿಯಸ್ ನೀಲಿಯಲ್ಲಿ ಮುಳುಗಿ ಖಾಲಿ ಅನ್ನಿಸಿಬಿಡುತ್ತೆ. ಮೇಯರ್ಸ್ ಆದ್ರೆ ಅರ್ಧದಿಂದ ಒಂದು ನಿಮಿಷ ಸಾಕು.

ಕಂಟ್ರೋಲಿಗೆ ಟಾನ್ಸಿಲ್ ಒಂದೇ ಸಾಲಲ್ಲ, ಅದು ಬರೀ ಪಾಸಿಟಿವ್ ಕಡೆ ಹೇಳುತ್ತೆ. ಕಲ್ಚರ್ ಲ್ಯಾಬ್ ಹತ್ತಿರ ಇದ್ರೆ ಎಸ್‌ಕೆಒವಿ3, ಒವಿಸಿಎಆರ್3, ಟಿಒವಿ21ಜಿ ಈ ಮೂರು ಕೋಶಸಾಲುಗಳ (ಲ್ಯಾಬಲ್ಲಿ ಬೆಳೆಸೋ ಗಡ್ಡೆ ಕೋಶ) ಪೆಲೆಟ್ ಕೇಳಿ. ಒಂದೊಂದರಲ್ಲಿ 1 ಕೋಟಿ ಕೋಶದಷ್ಟು, ಪ್ಲಾಸ್ಮಾ-ಥ್ರಾಂಬಿನ್‌ನಿಂದ ಹೆಪ್ಪುಗಟ್ಟಿಸಿ ಫಾರ್ಮಲಿನ್‌ಗೆ ಹಾಕಿ ಬ್ಲಾಕ್ ಮಾಡಿ. ಎಸ್‌ಕೆಒವಿ3ಯಲ್ಲಿ ಪಿ53 ಇಲ್ಲವೇ ಇಲ್ಲ, ಒವಿಸಿಎಆರ್3ಯಲ್ಲಿ ತುಂಬಿ ತುಳುಕುತ್ತೆ, ಟಿಒವಿ21ಜಿಯಲ್ಲಿ ಆರಿಡ್1ಎ ಇಲ್ಲ. ಇವನ್ನ ಟಿಎಂಎ ಮೂಲೆಯಲ್ಲೇ ಕೂರಿಸಿದ್ರೆ ಪ್ರತಿ ಸ್ಲೈಡಲ್ಲೂ ಕಂಟ್ರೋಲ್ ಜೊತೇಲೇ ಇರುತ್ತೆ.

---

ಸಿಟಿಕರ್ವ್ ಉತ್ತರ:

ಕ್ಯುಪಿಸಿಆರ್ ಕಡೆ ನಾ ಹೇಳ್ತೀನ್ರಿ.

ಒಂದು ಸೈಕಲ್ ವ್ಯತ್ಯಾಸಕ್ಕ ಗಾಬರಿ ಬ್ಯಾಡ, ಲೆಕ್ಕ ಹಾಕ್ರಿ. ಬ್ಲಾಕಿನ ಒಳಗ ಗಡ್ಡಿ ಕೋಶ 60%, ಉಳಿದ 40% ಸ್ಟ್ರೋಮಾ, ಲಿಂಫೋಸೈಟ್ ಅಂತ ತಿಳೀರಿ. ಗಡ್ಡ್ಯಾಗ ಆರಿಡ್1ಎ ಪೂರ್ತಿ ಸೊನ್ನೆ ಆದ್ರೂ ಸ್ಟ್ರೋಮಾದ 40% ಆರ್‌ಎನ್‌ಎ ಟ್ಯೂಬಿಗೆ ಬಂದ ಬರ್ತದ. 100 ಇದ್ದದ್ದು 40 ಆದ್ರ ಸಿಟಿ (ಸಿಗ್ನಲ್ ಎದ್ದು ಕಾಣೋ ಸೈಕಲ್) ಸರಿಯೋದು ಬರೇ 1.3 ಸೈಕಲ್. ಗಡ್ಡಿ 80% ಇದ್ರ 2.3. ಗಡ್ಡಿ 30% ಇದ್ರ ಅರ್ಧ ಸೈಕಲ್, ಅದು ಪಿಪೆಟ್ ಕೈ ನಡುಗಿದ್ರೂ ಬರ್ತದ. ಅಂದ್ರ ನಿಮ್ಮ ಒಂದು ಸೈಕಲ್ ಐಎಚ್‌ಸಿಗೆ ವಿರುದ್ಧ ಏನೂ ಹೇಳಂಗಿಲ್ಲ. ಎಚ್ ಆ್ಯಂಡ್ ಇ (ಮಾಮೂಲಿ ಬಣ್ಣದ) ಸ್ಲೈಡ್ ಮ್ಯಾಲ ಗಡ್ಡಿ ಜಾಗ ಪೆನ್ನಿಂದ ಗುರ್ತು ಮಾಡಿ, ಬಣ್ಣ ಹಾಕದ 8ರಿಂದ 10 ಮೈಕ್ರಾನ್ ಸೆಕ್ಷನ್ ನಾಕೈದು ತಗೊಂಡು, ಅಷ್ಟ ಜಾಗ ಬ್ಲೇಡಿಂದ ಕೆರಕೊಂಡು ಆರ್‌ಎನ್‌ಎ ತಗೀರಿ. ಗಡ್ಡಿ ಪ್ರಮಾಣ ಎಷ್ಟು ಅನ್ನೋದು ಪ್ರತಿ ಕೇಸಿಗೂ ಬರದಿಡ್ರಿ. ಅದಿಲ್ಲದ ಫೋಲ್ಡ್ ಚೇಂಜ್ ಕೊಡೋದು ತೂಕ ಹಾಕದ ಚೀಲ ಮಾರಿದಂಗ.

ಪಿಟೆನ್‌ದು ಬ್ಯಾರೆ ರೋಗ. 9ನೇ ಕ್ರೋಮೋಸೋಮಿನ ಮ್ಯಾಲ ಪಿಟೆನ್‌ಪಿ1 ಅಂತ ಒಂದು ಹುಸಿಜೀನು ಅದ. ಅದು ಪಿಟೆನ್ ಆರ್‌ಎನ್‌ಎಯಿಂದನ ಹಿಂದಕ್ಕ ನಕಲಾಗಿ ಜೀನೋಮಿನ್ಯಾಗ ಕೂತದ್ದು, ಹಿಂಗಾಗಿ ಅದರಾಗ ಇಂಟ್ರಾನ್ ಇಲ್ಲ. ಎಕ್ಸಾನ್ ಗಡಿ ದಾಟೋ ಪ್ರೈಮರ್ ಹಾಕೀನಿ, ಜೀನೋಮಿಕ್ ಡಿಎನ್‌ಎ ಬರಂಗಿಲ್ಲ ಅನ್ನೋ ಧೈರ್ಯ ಇಲ್ಲಿ ನಡೆಯಂಗಿಲ್ಲ. ಆರ್‌ಟಿ ಇಲ್ಲದ ಟ್ಯೂಬಿನ್ಯಾಗ 33ಕ್ಕ ಎದ್ದದ್ದು ಅದ ರೀ. ಡಿಎನ್‌ಏಸ್ ಹಾಕ್ರಿ, ಆದ್ರ ಅಷ್ಟಕ್ಕ ಮುಗಿಯಂಗಿಲ್ಲ, ಯಾಕಂದ್ರ ಹುಸಿಜೀನು ತಾನೂ ಆರ್‌ಎನ್‌ಎ ಬರೀತದ. ಎರಡರ ಸೀಕ್ವೆನ್ಸ್ ಒಂದರ ಕೆಳಗ ಒಂದು ಇಟ್ಟು, ಹುಸಿಜೀನಿನ್ಯಾಗ ಇಲ್ಲದ ಜಾಗದ ಮ್ಯಾಲ ಒಂದು ಪ್ರೈಮರಿನ 3' ತುದಿ ಕೂಡೋಹಂಗ ಹೊಸದಾಗಿ ಡಿಸೈನ್ ಮಾಡ್ರಿ. ಪ್ಯಾರಾಫಿನ್ ಆರ್‌ಎನ್‌ಎ ಚೂರುಚೂರಾಗಿರ್ತದ, ಆ್ಯಂಪ್ಲಿಕಾನ್ (ಪಿಸಿಆರ್‌ನಾಗ ನಕಲಾಗೋ ತುಂಡು) 100 ಬೇಸ್ ಒಳಗ ಇರಲಿ.

ಹೋಲಿಕಿಗೆ ಇಡೀ ಅಂಡಾಶಯ ತಗೊಂಡದ್ದು ಭಾಳ ದೊಡ್ಡ ತಪ್ಪು. ನಾರ್ಮಲ್ ಅಂಡಾಶಯ ಅಂದ್ರ ಮುಕ್ಕಾಲು ಸ್ಟ್ರೋಮಾ, ಎಪಿಥೀಲಿಯಂ ಮ್ಯಾಲಿನ ಒಂದು ಪದರು ಅಷ್ಟ. ಅದರ ಮುಂದ ಎಪಿಥೀಲಿಯಲ್ ಗಡ್ಡಿ ಇಟ್ರ ಅರ್ಧ ಜೀನು ‘ಏರ್ಯಾವು’, ಅರ್ಧ ‘ಇಳದಾವು’. ಹೈಗ್ರೇಡ್ ಸೀರಸ್‌ಗೆ ಫ್ಯಾಲೋಪಿಯನ್ ನಳಿಕೆಯ ಫಿಂಬ್ರಿಯಾ ಎಪಿಥೀಲಿಯಂ, ಕ್ಲಿಯರ್ ಸೆಲ್, ಎಂಡೊಮೆಟ್ರಿಯಾಯ್ಡ್ ಎರಡಕ್ಕೂ ಎಂಡೊಮೆಟ್ರಿಯಂ. ಹುಟ್ಟಿದ ಮನಿ ಯಾವುದೋ ಅದರ ಜೋಡಿ ಹೋಲಿಸ್ರಿ. ಜಿಎಪಿಡಿಎಚ್ ಒಂದನ್ನ ನಂಬಬ್ಯಾಡ್ರಿ, ಗಡ್ಡಿ ಸಕ್ಕರಿ ಸುಡೋ ರೀತಿ ಬದಲಾದಂಗ ಅದೂ ಏರ್ತದ. ಎಚ್‌ಪಿಆರ್‌ಟಿ1, ಟಿಬಿಪಿ ಇಂಥಾವು ಕನಿಷ್ಠ ಮೂರು ಓಡಿಸಿ, ನಿಮ್ಮ ಸ್ಯಾಂಪಲ್ಲಿನ್ಯಾಗ ಕದಲದ ಎರಡು ಆರಿಸ್ರಿ.

---

ಪಿಜಿಬೆಂಚು ಮತ್ತೆ ಬರೆದದ್ದು:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸ್ಲೈಡುಗಳನ್ನ ಮತ್ತೆ ತೆಗೆದು ಸ್ಟ್ರೋಮಾ ನೋಡಿದೆ. ಆರಿಡ್1ಎ ಖಾಲಿ ಬಂದ ಆರು ಸೀರಸ್‌ನಲ್ಲಿ ನಾಲ್ಕಕ್ಕೆ ಸ್ಟ್ರೋಮಾನೂ ಖಾಲಿ. ಉಳಿದೆರಡಕ್ಕೆ ಸ್ಟ್ರೋಮಾ ಕಂದು, ಡಬ್ಲ್ಯುಟಿ1 ಹಾಕಿಸಿದಾಗ ಎರಡೂ ನೆಗೆಟಿವ್. ಹಾಗಾದ್ರೆ ಇವು ಸೀರಸ್ಸೇ ಅಲ್ವೇನೋ ಮೇಡಂ.

ಕ್ಲಿಯರ್ ಸೆಲ್‌ನಲ್ಲಿ ಬೇರೆ ತೊಂದರೆ. ಎರಡು ಕೇಸಿನ ಕೋರುಗಳಲ್ಲಿ ಪ್ಯಾಪಿಲ್ಲಾದ ನಡುವೆ ಬರೀ ಗಾಜಿನಂಥ ಗುಲಾಬಿ ಹಯಲಿನ್, ಒಂದೂ ಸ್ಟ್ರೋಮಾ ನ್ಯೂಕ್ಲಿಯಸ್ ಇಲ್ಲ. ಕಂಟ್ರೋಲ್ ಎಲ್ಲಿಂದ ತರಲಿ?

ಆ ಐದರ ವಯಸ್ಸು 58, 61, 47, 66, 24. ಈ 24ರದ್ದು ಸಣ್ಣ ಸಣ್ಣ ಕೋಶ, ಅಲ್ಲಲ್ಲಿ ಫಾಲಿಕಲ್ ಥರ ಜಾಗ, ಡಬ್ಲ್ಯುಟಿ1 ಪಾಸಿಟಿವ್, ಪಿ53 ವೈಲ್ಡ್. ಲೋಗ್ರೇಡ್ ಸೀರಸ್ ಅಂತ ಬದಲಾಯಿಸಲಾ? ಹಾಗೇ, ಬ್ರಾಕಾ1 (ಡಿಎನ್‌ಎ ರಿಪೇರಿ ಜೀನು) ಐಎಚ್‌ಸಿನೂ ಸೇರಿಸು ಅಂತ ಗೈಡ್ ಹೇಳ್ತಿದಾರೆ.

---

ಗೈನಿಪ್ಯಾಥ್ ಉತ್ತರ:

24ರ ಕೇಸನ್ನು ದಯವಿಟ್ಟು ಲೋಗ್ರೇಡ್ ಸೀರಸ್‌ಗೆ ತಳ್ಳಬೇಡಿ. ಬಿಆರ್‌ಜಿ1 ಹಾಕಿಸಿ, ನಾಳೆಯೇ. ಹೈಪರ್‌ಕ್ಯಾಲ್ಸೀಮಿಕ್ ಬಗೆಯ ಸ್ಮಾಲ್ ಸೆಲ್ ಕಾರ್ಸಿನೋಮಾ ಇಪ್ಪತ್ತರ ಆಸುಪಾಸಿನವರಲ್ಲೇ ಬರುವುದು, ಡಬ್ಲ್ಯುಟಿ1 ಪಾಸಿಟಿವ್ ಆಗಿ ದಾರಿ ತಪ್ಪಿಸುವುದೂ ಅದರ ಚಾಳಿ. ನೀವು ಹೇಳಿದ ಫಾಲಿಕಲ್‌ನಂಥ ಜಾಗಗಳೂ ಅದಕ್ಕೆ ಹೊಂದುತ್ತವೆ. 2014ರಲ್ಲಿ ಗೊತ್ತಾದದ್ದು: ಈ ಗಡ್ಡೆಯಲ್ಲಿ ಕೆಡುವ ಜೀನು ಸ್ಮಾರ್ಕಾ4, ಅದರ ಪ್ರೋಟೀನೇ ಬಿಆರ್‌ಜಿ1. ಮಿಕ್ಕ ಜೀನೋಮ್ ಬಹುಮಟ್ಟಿಗೆ ಶಾಂತ. ಗಡ್ಡೆ ಪೂರ್ತಿ ಖಾಲಿ, ನಡುವಿನ ಲಿಂಫೋಸೈಟ್‌ಗಳು ಗಾಢ ಕಂದು ಬಂದರೆ ಉತ್ತರ ಸಿಕ್ಕಂತೆ. ಸೀರಂ ಕ್ಯಾಲ್ಸಿಯಂ ಹಳೆಯ ಫೈಲಿನಲ್ಲಿದೆಯಾ ನೋಡಿ, ಆದರೆ ಸುಮಾರು ಮೂರರಲ್ಲೊಂದು ಪಾಲಿನವರಲ್ಲಿ ಅದು ಏರುವುದಿಲ್ಲ, ನಾರ್ಮಲ್ ಇದೆ ಅಂತ ಬಿಡಬಾರದು. ಸ್ಮಾರ್ಕಾ2 ಅಂದರೆ ಬಿಆರ್‌ಎಂ ಪ್ರೋಟೀನೂ ಜೊತೆಗೇ ಮಾಯವಾಗಿರುತ್ತದೆ. ಅದಕ್ಕೆ ಮ್ಯುಟೇಶನ್ ಇರುವುದಿಲ್ಲ, ಎಪಿಜೆನೆಟಿಕ್ ಆಗಿ ಬಾಯಿ ಮುಚ್ಚಿಸಿರುತ್ತದೆ. ಇದು ಥೀಸಿಸ್ ವಿಷಯ ಅಷ್ಟೇ ಅಲ್ಲ. ಜರ್ಮ್‌ಲೈನ್ ಸ್ಮಾರ್ಕಾ4 ಇದ್ದರೆ ಮನೆಯವರಿಗೂ ಸಂಬಂಧಿಸುತ್ತದೆ, ಆದ್ದರಿಂದ ರಿಪೋರ್ಟ್ ಕೊಟ್ಟ ವಿಭಾಗಕ್ಕೆ ತಿಳಿಸಿ, ಜೆನೆಟಿಕ್ ಕೌನ್ಸೆಲಿಂಗ್‌ಗೆ ದಾರಿ ಆಗಲಿ.

ಒಂದು ಎಚ್ಚರಿಕೆ. 60ರ ಹೆಂಗಸಿನಲ್ಲಿ ಬಿಆರ್‌ಜಿ1 ಖಾಲಿ ಬಂದರೆ ಇದೇ ಹೆಸರು ಅಂಟಿಸಬೇಡಿ. ಪಕ್ಕದಲ್ಲಿ ಎಂಡೊಮೆಟ್ರಿಯಾಯ್ಡ್ ಗ್ರಂಥಿಗಳಿವೆಯಾ ಹುಡುಕಿ, ಡೀಡಿಫರೆನ್ಶಿಯೇಟೆಡ್ ಕಾರ್ಸಿನೋಮಾದ ಅವಿಭೇದಿತ ಭಾಗದಲ್ಲೂ ಅದು ಹೋಗುತ್ತದೆ.

ಹಯಲಿನ್ ತೊಂದರೆ ಕ್ಲಿಯರ್ ಸೆಲ್‌ಗೆ ಅಂಟಿಕೊಂಡೇ ಬಂದದ್ದು. ಕೋರು ಬಿಟ್ಟು ಇಡೀ ಸೆಕ್ಷನ್ ಮಾಡಿ, ಗಡ್ಡೆಯ ಅಂಚು, ಸಿಸ್ಟ್ ಗೋಡೆ ಸೇರಿರುವ ಬ್ಲಾಕ್ ಆರಿಸಿ. ಸಿಸ್ಟ್ ಗೋಡೆ ಸಿಕ್ಕರೆ ಎರಡು ಲಾಭ: ಸ್ಟ್ರೋಮಾ ಸಿಗುತ್ತದೆ, ಕೆಲವೊಮ್ಮೆ ಎಂಡೊಮೆಟ್ರಿಯೋಸಿಸ್ ಕೂಡ. ಗಡ್ಡೆಗೆ ಅಂಟಿಕೊಂಡ ಅಟಿಪಿಕಲ್ ಎಂಡೊಮೆಟ್ರಿಯೋಸಿಸ್‌ನಲ್ಲೂ ಆರಿಡ್1ಎ ಹೋಗಿದ್ದು, ದೂರದ ಎಂಡೊಮೆಟ್ರಿಯೋಸಿಸ್‌ನಲ್ಲಿ ಉಳಿದಿರುವುದನ್ನು 2010ರ ಆ ಅಧ್ಯಯನದಲ್ಲೇ ಇಬ್ಬರಲ್ಲಿ ತೋರಿಸಿದ್ದರು. ಅಂಥ ಒಂದು ಫೀಲ್ಡ್ ಸಿಕ್ಕರೆ 20 ಪುಟ ಟೇಬಲ್‌ಗಿಂತ ಆ ಒಂದು ಫೋಟೊ ಮೇಲು.

10% ಕಟ್‌ಆಫ್ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ಪಿ53, ಆರಿಡ್1ಎ, ಬಿಆರ್‌ಜಿ1 ಮೂರಕ್ಕೂ ಲಾಸ್ ಅಂದರೆ ಸೊನ್ನೆಯೇ. 5% ಗಡ್ಡೆ ನ್ಯೂಕ್ಲಿಯಸ್ ಕಂದಾಗಿದ್ದರೆ ಅದು ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟೋ, ಬಣ್ಣ ಕುಂದಿದ ವೈಲ್ಡ್ ಟೈಪೋ, ಬೇರೆ ಕ್ಲೋನೋ ಅಂತ ನೋಡಿ ಹೇಳಬೇಕು, ಶೇಕಡಾ ಹಿಂದೆ ಅಡಗಬಾರದು.

---

ಮೈಕ್ರೊಟೋಮ್ ಉತ್ತರ:

ಮೇಡಂ, ಪಿಟೆನ್‌ಗೆ ಆ ಸೊನ್ನೆ ನಿಯಮ ಕೂರಲ್ಲ ಅಂತ ನನ್ನ ಅಭಿಪ್ರಾಯ. ಅದು ಎಂಡೊಮೆಟ್ರಿಯಾಯ್ಡ್‌ನಲ್ಲಿ ತೇಪೆ ತೇಪೆಯಾಗಿ ಹೋಗುತ್ತೆ. ಒಂದು ಗುಂಪು ಗ್ರಂಥಿ ಖಾಲಿ, ಪಕ್ಕದ ಗುಂಪು ಕಂದು. ಬಣ್ಣ ನ್ಯೂಕ್ಲಿಯಸ್, ಸೈಟೋಪ್ಲಾಸಂ ಎರಡರಲ್ಲೂ ಬರೋದ್ರಿಂದ ಸ್ಟ್ರೋಮಾಗೆ ಹೋಲಿಸಿಯೇ ಓದಬೇಕು. ಎರಡು 0.6 ಕೋರಲ್ಲಿ ಯಾವ ತೇಪೆ ಸಿಗುತ್ತೋ ಅದೇ ಉತ್ತರ ಆಗಿಬಿಡುತ್ತೆ. ಕೊನೇಪಕ್ಷ 1 ಮಿ.ಮೀ. ಕೋರು ಮೂರು ಹಾಕಿ, ಇಲ್ಲಾಂದ್ರೆ 7 ಎಂಡೊಮೆಟ್ರಿಯಾಯ್ಡ್‌ಗೂ ಇಡೀ ಸೆಕ್ಷನ್ ಮಾಡಿ, ಏಳೇ ಸ್ಲೈಡು ತಾನೇ.

ಗೈನಿಪ್ಯಾಥ್: ಪಿಟೆನ್ ಬಗ್ಗೆ ಒಪ್ಪಿದೆ. ಪೂರ್ತಿ ಲಾಸ್, ತೇಪೆ ಲಾಸ್, ಉಳಿದಿದೆ ಅಂತ ಮೂರು ಕಾಲಂ ಮಾಡಿ. ಆ ಏಳಕ್ಕೂ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 (ಡಿಎನ್‌ಎ ನಕಲಿನ ತಪ್ಪು ತಿದ್ದುವ ಪ್ರೋಟೀನುಗಳು) ಸೇರಿಸಿಬಿಡಿ. ಬಜೆಟ್ ಬಿಗಿಯಿದ್ದರೆ ಪಿಎಂಎಸ್2, ಎಂಎಸ್‌ಎಚ್6 ಎರಡರಿಂದ ಶುರು ಮಾಡಿ. ಎಂಎಲ್‌ಎಚ್1 ಹೋದರೆ ಜೊತೆಗಾರ ಪಿಎಂಎಸ್2 ನಿಲ್ಲುವುದಿಲ್ಲ, ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ನಿಲ್ಲುವುದಿಲ್ಲ.

---

ಬೈಸಲ್ಫೈಟ್ ಉತ್ತರ:

ಬ್ರಾಕಾ1 ಐಎಚ್‌ಸಿ ಬಗ್ಗೆ ನಿಮ್ಮ ಗೈಡ್‌ಗೆ ವಿನಯದಿಂದ ಬೇಡ ಅನ್ನಿ. ಎಂಎಸ್110 ಕ್ಲೋನಿನಿಂದ ಮಾಡುತ್ತಾರೆ, ಆದರೆ ಪ್ರೋಟೀನು ಸಹಜವಾಗಿಯೇ ಕಮ್ಮಿ, ಕೋಶ ವಿಭಜನೆಯ ಹಂತಕ್ಕೆ ತಕ್ಕಂತೆ ಏರಿಳಿಯುತ್ತದೆ. ಆರಿಡ್1ಎಗೆ ಇರುವಂಥ ನೆಚ್ಚಬಹುದಾದ ಸ್ಟ್ರೋಮಾ ಸಾಕ್ಷಿ ಇಲ್ಲಿ ಇಲ್ಲ. ಮ್ಯುಟೇಶನ್ ಇದ್ದೂ ಬಣ್ಣ ಬರುತ್ತದೆ, ಇಲ್ಲದೆಯೂ ಬರದಿರುತ್ತದೆ.

ಹೈಗ್ರೇಡ್ ಸೀರಸ್‌ನಲ್ಲಿ ಬ್ರಾಕಾ1 ಅಭಿವ್ಯಕ್ತಿ ಹೋಗುವ ಮುಖ್ಯ ದಾರಿ ಪ್ರೊಮೋಟರ್ ಮಿಥೈಲೇಶನ್, ಅಂದರೆ ಜೀನಿನ ಸ್ವಿಚ್ಚಿನಂಥ ಭಾಗಕ್ಕೆ ಮಿಥೈಲ್ ಅಂಟಿ ಜೀನು ಮುಚ್ಚಿಹೋಗುವುದು. ಟಿಸಿಜಿಎಯಲ್ಲಿ ಸುಮಾರು ಹತ್ತರಲ್ಲಿ ಒಂದು ಗಡ್ಡೆಗೆ ಇದು ಇತ್ತು, ಬ್ರಾಕಾ ಮ್ಯುಟೇಶನ್ ಇರುವ ಗಡ್ಡೆಯಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ನೇರವಾಗಿ ಮಿಥೈಲೇಶನ್ ಅಳೆಯುವುದೇ ಸರಿ. 200ರಿಂದ 500 ನ್ಯಾನೊಗ್ರಾಂ ಡಿಎನ್‌ಎ ಬೈಸಲ್ಫೈಟ್‌ಗೆ ಹಾಕಿದರೆ ಮಿಥೈಲ್ ಇಲ್ಲದ ಸೈಟೊಸಿನ್ ಯುರಾಸಿಲ್ ಆಗುತ್ತದೆ, ಮಿಥೈಲ್ ಇದ್ದದ್ದು ಹಾಗೇ ಉಳಿಯುತ್ತದೆ. ಪ್ಯಾರಾಫಿನ್ ಡಿಎನ್‌ಎ ಮೊದಲೇ ತುಂಡು, ಬೈಸಲ್ಫೈಟ್ ಇನ್ನಷ್ಟು ತುಂಡರಿಸುತ್ತದೆ, ಆದ್ದರಿಂದ ಆ್ಯಂಪ್ಲಿಕಾನ್ 150 ಬೇಸ್ ಮೀರಬಾರದು. ಪರಿವರ್ತನೆ ಅರ್ಧಕ್ಕೇ ನಿಂತರೆ ಎಲ್ಲವೂ ಮಿಥೈಲ್ ಆದಂತೆ ಕಾಣುತ್ತದೆ. ಸಿಪಿಜಿ (ಸೈಟೊಸಿನ್ ಮುಂದೆಯೇ ಗ್ವಾನಿನ್ ಇರುವ ಜಾಗ) ಅಲ್ಲದ ಜಾಗದ ಸೈಟೊಸಿನ್‌ಗಳು ಪೂರ್ತಿ ಬದಲಾಗಿವೆಯಾ ಅನ್ನುವುದೇ ಅದರ ಪರೀಕ್ಷೆ. ಪೂರ್ತಿ ಮಿಥೈಲ್ ಮಾಡಿದ ಮತ್ತು ಮಿಥೈಲ್ ಇಲ್ಲದ ಡಿಎನ್‌ಎ ಎರಡನ್ನೂ ಪ್ರತಿ ರನ್ನಿನಲ್ಲಿ ಜೊತೆಗೆ ಓಡಿಸಿ.

ಇದೆ-ಇಲ್ಲ ಅನ್ನುವ ಎಂಎಸ್‌ಪಿ (ಮಿಥೈಲೇಶನ್ ಗುರುತಿಸುವ ಪಿಸಿಆರ್) ಸಾಲದು, ಪೈರೋಸೀಕ್ವೆನ್ಸಿಂಗ್‌ನಂಥ ಅಳತೆ ಬೇಕು. ಒಂದು ಪ್ರತಿ ಮಿಥೈಲ್ ಆಗದೆ ಉಳಿದರೂ ಅದರಿಂದ ಬ್ರಾಕಾ1 ಹುಟ್ಟುತ್ತಲೇ ಇರುತ್ತದೆ. ಎಲ್ಲಾ ಪ್ರತಿಗಳೂ ಮಿಥೈಲ್ ಆದ ಗಡ್ಡೆಗಳೇ ಪಾರ್ಪ್ ತಡೆಮದ್ದಿಗೆ ಬಗ್ಗುತ್ತವೆ, ಅರೆಬರೆ ಆದವು ಬಗ್ಗುವುದಿಲ್ಲ ಎಂದು 2018ರಲ್ಲಿ ತೋರಿಸಿದ್ದಾರೆ. ಇಲ್ಲೂ ಸಿಟಿಕರ್ವ್ ಅವರ ಲೆಕ್ಕವೇ ಬರುತ್ತದೆ: ಗಡ್ಡೆ 60% ಇರುವ ಬ್ಲಾಕಿನಲ್ಲಿ 55% ಮಿಥೈಲೇಶನ್ ಬಂದರೆ ಅದು ಅರ್ಧವಲ್ಲ, ಹೆಚ್ಚುಕಡಿಮೆ ಪೂರ್ತಿ. ಕೀಮೊ ಆದ ಮೇಲಿನ ಬ್ಲಾಕಿನಲ್ಲಿ ಮಿಥೈಲೇಶನ್ ಕಳಚಿರಬಹುದು, ಆದ್ದರಿಂದ ಕೀಮೊಗೆ ಮುಂಚಿನ ಬಯಾಪ್ಸಿಯೋ ನಂತರದ್ದೋ ಎಂದು ಪ್ರತಿ ಕೇಸಿಗೂ ಬರೆದಿಡಿ.

ಮುಂದೆ ಕೋಶಸಾಲುಗಳಿಗೆ ಹೋಗುವ ಯೋಚನೆ ಇದ್ದರೆ: ಮೈಕ್ರೊಟೋಮ್ ಹೇಳಿದ ಎಸ್‌ಕೆಒವಿ3 ಸ್ಟೇನಿಂಗ್ ಕಂಟ್ರೋಲಿಗೆ ಚೆನ್ನ, ಹೈಗ್ರೇಡ್ ಸೀರಸ್ ಮಾದರಿಯಾಗಿ ಅಲ್ಲ. ಅದರಲ್ಲಿ ಆರಿಡ್1ಎ ಕೂಡ ಕೆಟ್ಟಿದೆ. ಎ2780ಯಲ್ಲಿ ಪಿ53 ವೈಲ್ಡ್, ಆರಿಡ್1ಎ, ಪಿಟೆನ್ ಎರಡೂ ಮ್ಯುಟೆಂಟ್. 2013ರಲ್ಲಿ 47 ಕೋಶಸಾಲುಗಳನ್ನು ಟಿಸಿಜಿಎ ಗಡ್ಡೆಗಳ ಜೊತೆ ಇಟ್ಟು ನೋಡಿದಾಗ ಎಲ್ಲರೂ ಬಳಸುವ ಇವೆರಡೇ ಸೀರಸ್‌ಗೆ ದೂರ ಉಳಿದವು, ಕುರಾಮೊಚಿ, ಒವಿಎಸ್‌ಎಎಚ್‌ಒ ಹತ್ತಿರ ಬಂದವು. ಎಂಡೊಮೆಟ್ರಿಯಾಯ್ಡ್ ಎಂದು ಮಾರುವ ಟಿಒವಿ112ಡಿಯಲ್ಲಿ ಬಿಆರ್‌ಜಿ1, ಬಿಆರ್‌ಎಂ ಎರಡೂ ಇಲ್ಲ. ನಿಮ್ಮ 24ರ ಕೇಸಿಗೆ ಬಿಆರ್‌ಜಿ1 ಹಾಕುವಾಗ ನೆಗೆಟಿವ್ ಕಂಟ್ರೋಲಿಗೆ ಅದನ್ನೇ ಪೆಲೆಟ್ ಮಾಡಿಸಿಕೊಳ್ಳಿ.

---

ಸಿಟಿಕರ್ವ್: ಸರಾಸರಿ ಎಚ್-ಸ್ಕೋರ್ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಕೊಡಬ್ಯಾಡ್ರಿ. 48ರಾಗ 30 ಸೀರಸ್ ಇದ್ರ ಆರಿಡ್1ಎ ಸರಾಸರಿ ‘ಚಲೋ ಐತಿ’ ಅಂತನ ಬರ್ತದ, ಕ್ಲಿಯರ್ ಸೆಲ್ 8 ಅದರಾಗ ಮುಳುಗಿ ಹೋಗ್ತಾವು. ಪಿ53ಗಂತೂ ಸೊನ್ನಿನೂ ರೋಗ, 300ನೂ ರೋಗ, ಎರಡರ ಸರಾಸರಿ 150 ವೈಲ್ಡ್ ಟೈಪಿನಂಗ ಕಾಣ್ತದ! ಉಪವಿಧ ಒಂದೊಂದಕ್ಕೂ ಬ್ಯಾರೆ ಸಾಲು, ಎಷ್ಟರಾಗ ಎಷ್ಟು ಅಂತ ಬರೀರಿ, ಸಣ್ಣ ಸಂಖ್ಯೆಗೆ ಫಿಶರ್ ಎಗ್ಸ್ಯಾಕ್ಟ್ ಟೆಸ್ಟ್. ಮ್ಯೂಸಿನಸ್ 3ಕ್ಕ ಪಿ-ವ್ಯಾಲ್ಯೂ ಹಾಕಬ್ಯಾಡ್ರಿ.

ಪಿಜಿಬೆಂಚು: ಬಿಆರ್‌ಜಿ1 ಆರ್ಡರ್ ಹಾಕಿದೆ, ವಿಭಾಗದ ಸರ್‌ಗೂ ತಿಳಿಸಿದೆ. ಸ್ಟ್ರೋಮಾ ಖಾಲಿ ಇದ್ದ ನಾಲ್ಕು ಬ್ಲಾಕನ್ನ ಪಿಎಚ್ 9ರಲ್ಲಿ ಮತ್ತೆ ಮಾಡ್ತೀನಿ, ಈ ಸಲ ಇಡೀ ಸೆಕ್ಷನ್. ಮೈಕ್ರೊಟೋಮ್ ಸರ್, ಕತ್ತರಿಸಿಟ್ಟ ಸ್ಲೈಡುಗಳು ಎರಡು ತಿಂಗಳಿಂದ ಡಬ್ಬಿಯಲ್ಲಿವೆ, ಅವನ್ನೇ ಬಳಸಲಾ?

ಮೈಕ್ರೊಟೋಮ್: ಬೇಡ. ಕತ್ತರಿಸಿದ ಸೆಕ್ಷನ್ ಗಾಳಿಗೆ ಕೂತಷ್ಟೂ ನ್ಯೂಕ್ಲಿಯಸ್ ಆ್ಯಂಟಿಜನ್ ಸಾಯುತ್ತೆ, ಪಿ53ಗೆ ಅದು ಜಾಸ್ತಿ. ಬ್ಲಾಕಿನ ಮುಖ ಒಂದಿಷ್ಟು ಟ್ರಿಮ್ ಮಾಡಿ ಹೊಸದಾಗಿ 4 ಮೈಕ್ರಾನ್ ತೆಗೀರಿ, ಚಾರ್ಜ್ಡ್ ಸ್ಲೈಡಿಗೆ ಹಾಕಿ 60 ಡಿಗ್ರಿಯಲ್ಲಿ ಒಂದು ಗಂಟೆ. ಅದೇ ವಾರ ಸ್ಟೇನ್ ಆಗ್ಲಿ.